ಒಂದು ಕೋಣೆ ಕೊಡಿ: ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೆ ಬಹಿರಂಗ ಪತ್ರ



ನಿಮ್ಮ ಕಟ್ಟಡದ ನೆಲಮಾಳಿಗೆಯಲ್ಲೋ ಕ್ಲಬ್‌ಹೌಸಿನ ಹಿಂದೆಯೋ ಒಂದು ಕೋಣೆ ಇದ್ದೇ ಇರುತ್ತದೆ. ಕೆಟ್ಟುಹೋದ ಟ್ರೆಡ್‌ಮಿಲ್ಲು, ಗಣೇಶನ ಹಬ್ಬದ ಪೆಂಡಾಲಿನ ಬಟ್ಟೆ, ಅರ್ಧ ಉಳಿದ ಬಣ್ಣದ ಡಬ್ಬಿಗಳನ್ನು ತುಂಬಿ ಬೀಗ ಹಾಕಿಟ್ಟ ಕೋಣೆ. ಅದನ್ನು ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿ ಅಕ್ಕಿ, ಬೇಳೆ, ಎಣ್ಣೆ ಇಡಬೇಕು. ಕೈ ಬರಿದಾದ ಮನೆಯವರು ಬಂದು ತಮಗೆ ಬೇಕಾದ್ದನ್ನು ತೆಗೆದುಕೊಂಡು ಹೋಗಿ ತಮ್ಮ ಒಲೆಯ ಮೇಲೆ ತಾವೇ ಅಡುಗೆ ಮಾಡಿಕೊಳ್ಳುವಂತಾಗಬೇಕು. ಕೇಳುತ್ತಿರುವುದು ಇಷ್ಟೇ. ಯಾಕೆ ಎನ್ನುವುದಕ್ಕೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ನಮ್ಮ ಬಡಾವಣೆಯಲ್ಲಿ ನೆರೆಹೊರೆಯವರು ಸೇರಿಕೊಂಡು ಇಂಥದೊಂದು ಕೋಣೆ ನಡೆಸುತ್ತಿದ್ದೇವೆ. ಅದಕ್ಕೆ ಫಲಕವಿಲ್ಲ. ಬರುವವರು ‘ರೇಷನ್ ರೂಮು’ ಎನ್ನುತ್ತಾರೆ, ನಮ್ಮ ಬಾಯಲ್ಲೂ ಅದೇ ಉಳಿದಿದೆ. ಶನಿವಾರ ಸಂಜೆ ಬಾಗಿಲು ತೆರೆಯುತ್ತೇವೆ. ಕಟ್ಟಡ ಕೆಲಸದವರಿಗೆ ವಾರದ ಬಟವಾಡೆ ಶನಿವಾರ. ಮೇಸ್ತ್ರಿ ದುಡ್ಡು ಕೊಟ್ಟನೋ ಮುಂದಿನ ವಾರ ಎಂದನೋ ಎಂಬುದು ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಭಾನುವಾರದ ಅಡುಗೆಯ ಚಿಂತೆಯೂ ಆಗಲೇ ಶುರುವಾಗಿರುತ್ತದೆ.

ಬರುವವರು ಯಾರು? ಭಿಕ್ಷೆ ಬೇಡುವವರು ಯಾರೂ ಅಲ್ಲ. ನಿಮ್ಮ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಸೆಕ್ಯೂರಿಟಿಯವರು, ನಿಮ್ಮ ನಾಲ್ಕು ಮನೆಗಳ ಪಾತ್ರೆ ತೊಳೆಯುವಾಕೆ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯ ತಾಯಿ, ಎದುರಿನ ಹೊಸ ಕಟ್ಟಡಕ್ಕೆ ಸೆಂಟ್ರಿಂಗ್ ಹೊಡೆಯುವ ಯಾದಗಿರಿ, ರಾಯಚೂರು ಕಡೆಯ ಗಂಡಹೆಂಡತಿ. ಎಲ್ಲರೂ ದುಡಿಯುವವರೇ. ಹೆಚ್ಚಿನ ತಿಂಗಳು ಅವರ ಸಂಸಾರ ಹೇಗೋ ನಡೆದುಹೋಗುತ್ತದೆ. ಯಾವುದೋ ಒಂದು ತಿಂಗಳು ಜ್ವರ ಬರುತ್ತದೆ, ಕೆಲಸ ನಿಲ್ಲುತ್ತದೆ, ಊರಲ್ಲಿ ಸಾವಾಗುತ್ತದೆ, ಶಾಲೆಯ ಫೀಸು ಬೀಳುತ್ತದೆ. ಆ ತಿಂಗಳ ಕೊನೆಯ ಹತ್ತು ಹದಿನೈದು ದಿನ ದಾಟುವುದೇ ಕಷ್ಟ.

ಹಾಗೆ ದುಡ್ಡು ಕಡಿಮೆಯಾದಾಗ ಬಡವರ ಮನೆಯಲ್ಲಿ ಮೊದಲು ಕೈ ಬೀಳುವುದು ಊಟದ ಮೇಲೆ. ಬಾಡಿಗೆಯನ್ನು ಮುಂದಕ್ಕೆ ಹಾಕಿದರೆ ಮನೆಯ ಓನರು ಬಾಗಿಲಿಗೆ ಬರುತ್ತಾನೆ. ವಾರದ ಕಂತು ತಪ್ಪಿದರೆ ಸಾಲ ವಸೂಲಿಯವನು ಬೀದಿಯವರ ಮುಂದೆ ನಿಂತು ಕೂಗುತ್ತಾನೆ. ಈ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯುವುದಕ್ಕೆಂದೇ ಸುಗ್ರೀವಾಜ್ಞೆ ತರಬೇಕಾಯಿತು. ಬಾಡಿಗೆಗೆ ಸಬೂಬು ಹೇಳುವ ಹಾಗಿಲ್ಲ, ಕಂತಿಗೂ ಹೇಳುವ ಹಾಗಿಲ್ಲ. ಹೊಟ್ಟೆಗೆ ಮಾತ್ರ ಹೇಳಬಹುದು. ಹಾಗಾಗಿ ಬೇಳೆ ಹೋಗಿ ಬರೀ ಖಾರದ ಸಾರು ಉಳಿಯುತ್ತದೆ. ಆಮೇಲೆ ಹಾಲು ನಿಲ್ಲುತ್ತದೆ. ಆಮೇಲೆ ತಾಯಿ ರಾತ್ರಿಯ ಊಟ ಬಿಡುತ್ತಾಳೆ. ಕೇಳಿದರೆ ‘ಹಸಿವಿಲ್ಲ’ ಎನ್ನುತ್ತಾಳೆ. ಅದೂ ಸಾಲದಾದಾಗ ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ.

ಹಿಂದಿನ ವರ್ಷ ಒಬ್ಬ ಹೆಂಗಸು ಬಂದರು. ಗಂಡ ಗಾರೆ ಕೆಲಸದವನು, ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆಕೆ ಒಂದು ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗಿನಲ್ಲಿ ಇದ್ದರು. ಇಬ್ಬರು ಮಕ್ಕಳು. ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಾಗಿಲ ಹೊರಗೇ ತುಂಬ ಹೊತ್ತು ನಿಂತಿದ್ದರು. ಒಳಗೆ ಕರೆದಾಗ ಕೇಳಿದ ಮೊದಲ ಮಾತು, ‘ಬರಕೊಳ್ತೀರಾ? ಕಾಲು ವಾಸಿಯಾದ ಮೇಲೆ ತಂದುಕೊಡ್ತೀವಿ.’ ಅಕ್ಕಿ, ರಾಗಿ ಹಿಟ್ಟು, ತೊಗರಿಬೇಳೆ, ಎಣ್ಣೆ ತೆಗೆದುಕೊಂಡರು. ಟೀ ಪುಡಿಯ ಪೊಟ್ಟಣ ಕೈಗೆ ಕೊಟ್ಟಾಗ ‘ಇದೂನಾ?’ ಎಂದು ನಮ್ಮ ಮುಖ ನೋಡಿದರು. ಗಂಡ ಎದ್ದು ಓಡಾಡುವವರೆಗೂ ಅವರು ಬರುತ್ತಿದ್ದರು, ಆಮೇಲೆ ಬರಲಿಲ್ಲ. ದೊಡ್ಡ ಮಗನನ್ನು ಶಾಲೆ ಬಿಡಿಸಿ ಹೋಟೆಲ್ ಕೆಲಸಕ್ಕೆ ಸೇರಿಸುವ ಮಾತು ಆ ಮನೆಯಲ್ಲಿ ನಡೆದಿತ್ತಂತೆ. ಹುಡುಗ ಶಾಲೆ ಬಿಡಲಿಲ್ಲ. ಕಿವಿಯ ಓಲೆ ಕಿವಿಯಲ್ಲೇ ಉಳಿಯಿತು. ಇಂಥ ದಿನಸಿ ಬ್ಯಾಂಕು ಒಂದು ಮನೆಗೆ ಮಾಡುವ ಉಪಕಾರ ಎಂಥದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಅದು ಬಡತನ ಕಳೆಯುವುದಿಲ್ಲ. ಒಂದು ಕೆಟ್ಟ ತಿಂಗಳು ಮೂರು ವರ್ಷದ ಸಾಲವಾಗಿ ಬೆಳೆಯದ ಹಾಗೆ ತಡೆಯುತ್ತದೆ.

‘ಸರ್ಕಾರ ಪುಕ್ಕಟೆ ಅಕ್ಕಿ ಕೊಡುತ್ತಿದೆಯಲ್ಲ?’ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಕೊಡುತ್ತಿದೆ, ಅದರ ಮಹತ್ವ ಬಲು ದೊಡ್ಡದು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಸಿಗಬೇಕು. ಕರ್ನಾಟಕದಲ್ಲಿ ಅದೇ ವರ್ಷದ ಜುಲೈನಲ್ಲಿ ಅನ್ನಭಾಗ್ಯ ಶುರುವಾಯಿತು. 2023ರ ಜುಲೈಯಿಂದ ರಾಜ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರುವರಿಯಿಂದ ಅದು ಮತ್ತೆ ಅಕ್ಕಿಯಾಯಿತು. ರೇಷನ್ ಕಾರ್ಡು ಇರುವ ಮನೆಯಲ್ಲಿ ಇವತ್ತು ಅಕ್ಕಿಗೆ ತತ್ವಾರವಿಲ್ಲ. ತತ್ವಾರ ಇರುವುದು ಅಕ್ಕಿಯ ಜೊತೆಗೆ ಬೇಕಾದ್ದಕ್ಕೆ. ಬೇಳೆಯಿಲ್ಲದೆ, ಎಣ್ಣೆಯಿಲ್ಲದೆ, ಒಂದು ಹಿಡಿ ತರಕಾರಿಯಿಲ್ಲದೆ ಅನ್ನವನ್ನು ಮಕ್ಕಳು ಎಷ್ಟು ದಿನ ಉಂಡಾರು? ಸರ್ಕಾರಕ್ಕೂ ಇದು ಗೊತ್ತಾಗಿದೆ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಒಪ್ಪಿತು.

ಇನ್ನು ಕಾರ್ಡೇ ಇಲ್ಲದವರ ಮಾತು. ಕಾಯ್ದೆಯಲ್ಲಿ ಎಷ್ಟು ಜನರಿಗೆ ಧಾನ್ಯ ಎನ್ನುವ ಲೆಕ್ಕ ಇವತ್ತಿಗೂ 2011ರ ಜನಗಣತಿಯ ಮೇಲೆ ನಿಂತಿದೆ. ಆಮೇಲೆ ಮದುವೆಯಾಗಿ ಬೇರೆ ಸಂಸಾರ ಹೂಡಿದವರು, ಹುಟ್ಟಿದ ಮಕ್ಕಳು, ಅರ್ಜಿ ಹಾಕಿ ಕಾಯುತ್ತಿರುವವರು ಎಷ್ಟೋ ಮಂದಿ. ಕಾರ್ಡು ಊರಲ್ಲಿ ಅಪ್ಪ ಅಮ್ಮನ ಜೊತೆಗಿದೆ, ದುಡಿಯುವ ಜೀವ ಇಲ್ಲಿ ಶೆಡ್ಡಿನಲ್ಲಿದೆ. ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಧಾನ್ಯ ಎತ್ತಬಹುದೆಂಬ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ ಇದೆ, ಅದು ಒಳ್ಳೆಯದು. ಆದರೆ ಇಲ್ಲಿ ಎತ್ತಿದರೆ ಊರಲ್ಲಿರುವ ಮುದುಕರ ಪಾಲು ಕಡಿಮೆಯಾಗುತ್ತದೆಂದು ಎಷ್ಟೋ ಜನ ಎತ್ತುವುದೇ ಇಲ್ಲ. ಕೆಲವರ ಹೆಬ್ಬೆರಳ ಗುರುತು ಅಂಗಡಿಯ ಯಂತ್ರಕ್ಕೆ ಹಿಡಿಯುವುದಿಲ್ಲ. ಸಿಮೆಂಟು ಕಲಸಿ, ಪಾತ್ರೆ ತಿಕ್ಕಿ ಗೆರೆಯೇ ಸವೆದುಹೋಗಿರುತ್ತದೆ.

ಇಂದಿರಾ ಕ್ಯಾಂಟೀನನ್ನು ನಾನು ಮನಸಾರೆ ಮೆಚ್ಚುತ್ತೇನೆ. 2017ರ ಆಗಸ್ಟಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಶುರುವಾದಾಗ ಈ ಊರಿನ ಒಂಟಿ ಕೂಲಿಕಾರರ ಎಷ್ಟೋ ಕಷ್ಟ ಇಳಿಯಿತು. ಆದರೆ ಮೂರು ಮಕ್ಕಳ ತಾಯಿಗೆ ಮೂರು ಹೊತ್ತೂ ಅವರನ್ನು ಕರೆದುಕೊಂಡು ಕ್ಯಾಂಟೀನಿಗೆ ನಡೆಯಲಾಗುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರಂತೂ ಮುಗಿಯಿತು. ಶಾಲೆಯ ಬಿಸಿಯೂಟವೂ ಹಾಗೆಯೇ. ಅದು ಇರುವ ದಿನಗಳಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಚಿಂತೆಯಿಲ್ಲ. ಏಪ್ರಿಲ್, ಮೇ ರಜೆ ಬಂದರೆ ಅದೇ ಮಕ್ಕಳು ಇಡೀ ದಿನ ಮನೆಯಲ್ಲಿ. ನಮ್ಮ ಕೋಣೆಯ ಮುಂದೆ ಸಾಲು ಉದ್ದವಾಗುವುದು ಆ ಎರಡು ತಿಂಗಳು, ಆಮೇಲೆ ಶಾಲೆ ತೆರೆಯುವ ಜೂನ್.

ಈ ಏರ್ಪಾಡು ನಮಗೆ ಪೂರ್ತಿ ಹೊಸದೇನೂ ಅಲ್ಲ. ಹಿಟ್ಟು, ಅಕ್ಕಿ ಅಳೆಯುವಾಗ ದಿನಕ್ಕೊಂದು ಹಿಡಿ ಬೇರೆ ಗಡಿಗೆಗೆ ಹಾಕಿಟ್ಟು ಮಠಕ್ಕೋ ವಿದ್ಯಾರ್ಥಿನಿಲಯಕ್ಕೋ ಕೊಡುತ್ತಿದ್ದ ಮುಷ್ಟಿಧಾನ್ಯದ ರೂಢಿ ನಿಮ್ಮಲ್ಲಿ ಅನೇಕರ ಅಜ್ಜಿಯರಿಗೆ ಗೊತ್ತಿತ್ತು. ವಾರಾನ್ನ ಉಂಡು ಓದಿದವರು ಈ ನಾಡಿನ ದೊಡ್ಡ ದೊಡ್ಡ ಹುದ್ದೆಗಳಲ್ಲಿ ಕೂತರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ದಾಸೋಹ ದಶಕಗಳ ಕಾಲ ಕೆಡದೆ ನಡೆದದ್ದರ ಹಿಂದೆ ಸುತ್ತಲಿನ ರೈತರು ತಂದು ಹಾಕಿದ ರಾಗಿ, ಭತ್ತವೂ ಇದೆ.

ಇವತ್ತು ಜಗತ್ತಿನ ತುಂಬ ಫುಡ್ ಬ್ಯಾಂಕ್ ಎಂದು ನಡೆಯುತ್ತಿರುವುದು ಮೊದಲು ಶುರುವಾದದ್ದು 1967ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನಲ್ಲಿ. ಜಾನ್ ವ್ಯಾನ್ ಹೆಂಗೆಲ್ ಎಂಬವರು ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಹತ್ತು ಮಕ್ಕಳ ತಾಯಿಯೊಬ್ಬಳು ದಿನಸಿ ಅಂಗಡಿಯ ಕಸದ ತೊಟ್ಟಿಯಿಂದ ತಿನ್ನುವಂಥದನ್ನು ಆರಿಸಿ ತಂದು ಮಕ್ಕಳನ್ನು ಸಾಕುತ್ತಿದ್ದುದು ಅವರಿಗೆ ತಿಳಿಯಿತು. ದುಡ್ಡು ಇಟ್ಟು ತೆಗೆಯಲು ಬ್ಯಾಂಕು ಇರುವ ಹಾಗೆ, ಎಸೆಯುವ ಆಹಾರವನ್ನು ಇಡುವುದಕ್ಕೂ ಬೇಕಾದವರು ತೆಗೆದುಕೊಳ್ಳುವುದಕ್ಕೂ ಒಂದು ಜಾಗ ಇರಬಾರದೇ ಎಂದು ಕೇಳಿದವಳು ಆಕೆಯೇ. ಸೇಂಟ್ ಮೇರೀಸ್ ಚರ್ಚು ಪಾಳು ಬಿದ್ದಿದ್ದ ಒಂದು ಕಟ್ಟಡ ಕೊಟ್ಟಿತು, ಜೊತೆಗೆ 3,000 ಡಾಲರ್ ಕೊಟ್ಟಿತು. ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾದದ್ದು ಹಾಗೆ. ಅಲ್ಲಿಯೂ ಮೊದಲು ಬೇಕಾದದ್ದು ಒಂದು ಜಾಗ, ಅದನ್ನು ಕೊಡುವ ಮನಸ್ಸಿನ ಒಂದು ಸಂಸ್ಥೆ.

ಇಂಗ್ಲೆಂಡಿನ ಟ್ರಸೆಲ್ ಟ್ರಸ್ಟ್ 2000ದಲ್ಲಿ ಸಾಲ್ಸ್‌ಬರಿ ಪಟ್ಟಣದ ಒಂದು ಮನೆಯ ಶೆಡ್ಡು, ಗ್ಯಾರೇಜಿನಿಂದ ಆಹಾರ ಹಂಚಲು ಶುರುಮಾಡಿತು. 2023–24ರ ಒಂದೇ ವರ್ಷದಲ್ಲಿ ಅದರ ಜಾಲ ಬ್ರಿಟನ್ನಿನಲ್ಲಿ ಹಂಚಿದ ಪೊಟ್ಟಣಗಳು 31 ಲಕ್ಷಕ್ಕೂ ಹೆಚ್ಚು. ಈ ಅಂಕಿ ನೋಡಿ ಸಂತೋಷಪಡುವ ಹಾಗಿಲ್ಲ. ತಮ್ಮ ಅಗತ್ಯವೇ ಇಲ್ಲದ ದಿನ ಬರಬೇಕೆಂದು ಆ ಸಂಸ್ಥೆಯವರೇ ಹೇಳುತ್ತಾರೆ. ಸರ್ಕಾರ ಮಾಡಬೇಕಾದ್ದನ್ನು ನೆರೆಹೊರೆಯವರ ಹೆಗಲಿಗೆ ಹಾಕಿ ಕೈ ತೊಳೆದುಕೊಂಡರೆ ಹೀಗಾಗುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಆದ್ದರಿಂದ ನಮ್ಮ ಕೋಣೆಯಲ್ಲಿ ದಿನಸಿ ಕೊಡುವುದು ಅರ್ಧ ಕೆಲಸ ಮಾತ್ರ. ಮಿಕ್ಕರ್ಧ, ಕಾರ್ಡಿನ ಇ-ಕೆವೈಸಿ ಮಾಡಿಸುವುದು, ಮಗುವಿನ ಹೆಸರು ಸೇರಿಸುವುದು, ವಿಧವಾ ವೇತನ ಯಾಕೆ ನಿಂತಿದೆ ಎಂದು ವಿಚಾರಿಸುವುದು. ನ್ಯಾಯಬೆಲೆ ಅಂಗಡಿಯಲ್ಲಿ ಸಿಗಬೇಕಾದ್ದು ಸಿಕ್ಕಿದ ಮನೆ ನಮ್ಮಲ್ಲಿಗೆ ಬರುವುದು ಕಡಿಮೆಯಾಗುತ್ತದೆ. ನಮಗೆ ಬೇಕಾದದ್ದೂ ಅದೇ.

ಸಾಲ್ಸ್‌ಬರಿಯವರಿಂದ ಕಲಿಯಬಹುದಾದ ಒಂದು ಒಳ್ಳೆಯ ಪದ್ಧತಿ ಚೀಟಿಯದು. ಅಲ್ಲಿ ವೈದ್ಯರು, ಶಾಲೆಯವರು, ಸಮಾಜ ಕಾರ್ಯಕರ್ತರು ಕಷ್ಟದಲ್ಲಿರುವವರಿಗೆ ಒಂದು ಚೀಟಿ ಬರೆದುಕೊಡುತ್ತಾರೆ. ಚೀಟಿ ತಂದವರು ತಮ್ಮ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ನಮಗೆ ಆ ಕೆಲಸಕ್ಕೆ ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆಯರು, ಸರ್ಕಾರಿ ಶಾಲೆಯ ಮೇಷ್ಟ್ರು ಇದ್ದಾರೆ. ಯಾವ ಮನೆಯಲ್ಲಿ ಮಗುವಿನ ತೂಕ ಇಳಿಯುತ್ತಿದೆ, ಯಾವ ಬಸುರಿ ಸರಿಯಾಗಿ ಉಣ್ಣುತ್ತಿಲ್ಲ ಎನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅವರು ಹೇಳಿದರೆ ಸಾಕು, ಕೊಡಿ. ಬಿಪಿಎಲ್ ಕಾರ್ಡು ತೋರಿಸಿ ಎಂದು ಕೇಳಬೇಡಿ. ಕಾರ್ಡು ಇಲ್ಲದಿರುವುದೇ ಅವರ ತೊಂದರೆ.

ಈಗ ನಿಮ್ಮ ಮನಸ್ಸಿಗೆ ನೋವಾದರೂ ಹೇಳಲೇಬೇಕಾದ ಒಂದು ವಿಷಯ. ದಯವಿಟ್ಟು ಮಿಕ್ಕಿದ್ದನ್ನು ಕೊಡಬೇಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಆಹಾರ ಕಸಕ್ಕೆ ಹೋಗುತ್ತದೆ. ಅದನ್ನು ಉಳಿಸಬೇಕು, ನಿಜ. ಮದುವೆ ಮನೆಯಲ್ಲಿ ಉಳಿದ ಅಡುಗೆಯನ್ನು ಹಂಚುವ ಸಂಘಟನೆಗಳಿವೆ, ಹಾಗೆ ಉಳಿದ ಆಹಾರದ ಹಂಚಿಕೆ ಹೇಗಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮವನ್ನೂ ಮಾಡಿದೆ. ಆ ಕೆಲಸ ಬೇರೆ, ಈ ಕೆಲಸ ಬೇರೆ. ಫ್ರಿಜ್ಜಿನಲ್ಲಿ ಮೂರು ದಿನ ಇದ್ದ ಪಲ್ಯವನ್ನು ಮನೆಗೆಲಸದಾಕೆಯ ಡಬ್ಬಿಗೆ ಹಾಕಿ ಕಳುಹಿಸುವುದನ್ನು ನಾವೆಲ್ಲ ದಾನವೆಂದುಕೊಂಡು ಬಂದಿದ್ದೇವೆ. ಆಕೆ ಬೇಡ ಎನ್ನಲಾರಳು, ಕೆಲಸದ ಮನೆ. ಹುಳ ಬಿದ್ದ ರವೆ, ಅವಧಿ ಮೀರಿದ ನೂಡಲ್ಸು, ಯಾರೋ ಉಡುಗೊರೆ ಕೊಟ್ಟು ನಿಮಗೆ ಹಿಡಿಸದೆ ಹೋದ ಓಟ್ಸು ನಮ್ಮ ಕೋಣೆಗೂ ಬಂದಿವೆ. ಅಂಥದನ್ನು ನಾವು ವಾಪಸು ಕಳಿಸುತ್ತೇವೆ. ನಿಮ್ಮ ಮನೆಯ ಡಬ್ಬಿಗೆ ತುಂಬಿಸುವ ಬೇಳೆಯನ್ನೇ ಅರ್ಧ ಕೆ.ಜಿ. ಹೆಚ್ಚು ತರಿಸಿ ಕೊಡಿ. ಇನ್ನೂರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಯೂ ತಿಂಗಳಿಗೆ ಅರ್ಧ ಕೆ.ಜಿ. ಬೇಳೆ ಕೊಟ್ಟರೆ ನೂರು ಕೆ.ಜಿ. ಆಯಿತು. ತಲಾ ಎರಡು ಕೆ.ಜಿ. ಎಂದರೂ ಐವತ್ತು ಮನೆಗಳಲ್ಲಿ ತಿಂಗಳ ಕೊನೆಯಲ್ಲಿ ಬೇಳೆ ಸಾರು ಕುದಿಯುತ್ತದೆ.

ಕಟ್ಟಿದ ಕಿಟ್ ಕೈಗೆ ಕೊಡುವುದಕ್ಕಿಂತ ಆರಿಸಿಕೊಳ್ಳಲು ಬಿಡುವುದು ಮೇಲು. ಕಲಬುರಗಿ ಕಡೆಯ ಒಬ್ಬಾಕೆ ನಮ್ಮ ಅಕ್ಕಿಯ ಚೀಲವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ‘ಅಕ್ಕಾರ, ಅಕ್ಕಿ ಬ್ಯಾಡ್ರಿ, ಜ್ವಾಳದ ಹಿಟ್ಟು ಇದ್ರ ಕೊಡ್ರಿ. ಹುಡುಗ್ರು ರೊಟ್ಟಿ ಉಂಡ್ರ ಹೊಟ್ಟಿ ನಿಲ್ತೈತಿ’ ಎಂದರು. ಅಂದಿನಿಂದ ಜೋಳದ ಹಿಟ್ಟು ಇಡುತ್ತೇವೆ. ಬಿಹಾರ, ಬಂಗಾಳದವರಿಗೆ ಸಾಸಿವೆ ಎಣ್ಣೆ, ಆಟಾ ಬೇಕು. ಸಕ್ಕರೆ ಕಾಯಿಲೆಯ ಮುದುಕರಿಗೆ ರಾಗಿ. ಎಳೆ ಕೂಸಿನ ಮನೆಗೆ ಹಾಲಿನ ಪುಡಿಯಲ್ಲ, ತಾಯಿಗೆ ಮೊಟ್ಟೆ, ಬೆಲ್ಲ, ಶೇಂಗಾ. ಬಟ್ಟೆ ಸೋಪು, ಹೆಣ್ಣುಮಕ್ಕಳ ಪ್ಯಾಡು ಕೂಡ ಇರಲಿ. ಅದನ್ನು ಕೇಳಲು ನಾಚುತ್ತಾರೆ, ಕೈಗೆ ಸಿಗುವ ಹಾಗೆ ಮೂಲೆಯ ಕಪಾಟಿನಲ್ಲಿಡಿ. ಗ್ಯಾಸು ಮುಗಿದಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಐದು ಕೆ.ಜಿ.ಯ ಚಿಕ್ಕ ಸಿಲಿಂಡರು ಖಾಲಿಯಾಗಿ ಕೂತ ಮನೆಗೆ ಬೇಳೆ ಕೊಟ್ಟು ಪ್ರಯೋಜನವಿಲ್ಲ.

ಫೋಟೋ ತೆಗೆಯಬೇಡಿ. 2020ರ ಲಾಕ್‌ಡೌನಿನಲ್ಲಿ ನೀವೇ, ಇದೇ ಅಪಾರ್ಟ್‌ಮೆಂಟ್ ಸಂಘಗಳೇ, ಒಂದೇ ವಾರದಲ್ಲಿ ದುಡ್ಡು ಕೂಡಿಸಿ ರೇಷನ್ ಕಿಟ್ ಕಟ್ಟಿ ಶೆಡ್ಡುಗಳಿಗೆ ತಲುಪಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸಣ್ಣ ಕೆಲಸವಲ್ಲ. ರಸ್ತೆಯಲ್ಲಿ ನಡೆದು ಊರಿಗೆ ಹೊರಟವರಲ್ಲಿ ಕೆಲವರನ್ನಾದರೂ ಆ ಕಿಟ್‌ಗಳು ಇಲ್ಲೇ ಉಳಿಸಿಕೊಂಡವು. ಆದರೆ ಕಿಟ್ ಹಿಡಿದು ಸಾಲಾಗಿ ನಿಂತವರ ಫೋಟೋಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿದವು. ಆ ಫೋಟೋದಲ್ಲಿದ್ದ ಒಬ್ಬ ದರ್ಜಿಯ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವರ ಮನೆಯವರು ಇವತ್ತಿಗೂ ಯಾರ ಬಳಿಯೂ ಏನೂ ಕೇಳುವುದಿಲ್ಲ, ಎಷ್ಟೇ ಕಷ್ಟವಾದರೂ. ದಾನಿಗಳಿಗೆ ಲೆಕ್ಕ ಕೊಡಿ, ಬಿಲ್ಲು ತೋರಿಸಿ, ಯಾರ ಮುಖವನ್ನೂ ತೋರಿಸಬೇಡಿ.

‘ದುರುಪಯೋಗ ಆಗುವುದಿಲ್ಲವೇ?’ ಆಗಬಹುದು. ಬೇಕಿಲ್ಲದವರು ಒಬ್ಬಿಬ್ಬರು ಬಂದು ಎಣ್ಣೆ ಪ್ಯಾಕೆಟ್ ಒಯ್ದಾರು. ಶನಿವಾರ ಸಂಜೆ ಚೀಲ ಹಿಡಿದು ಪರಿಚಯದವರ ಕಣ್ಣೆದುರು ಸಾಲಿನಲ್ಲಿ ನಿಲ್ಲುವುದು ಸುಖದ ಕೆಲಸವಲ್ಲ. ಅಗತ್ಯವಿಲ್ಲದೆ ನಿಲ್ಲುವವರು ಬಹಳ ಕಡಿಮೆ. ಅಗತ್ಯವಿದ್ದೂ ನಿಲ್ಲದವರ ಸಂಖ್ಯೆಯೇ ಹೆಚ್ಚೆಂದು ನನ್ನ ಅನುಭವ. ಚಿಂತೆ ಮಾಡಬೇಕಾದ್ದು ಅವರ ಬಗ್ಗೆ. ‘ಸೋಮಾರಿಗಳಾಗುತ್ತಾರೆ’ ಎಂಬ ಮಾತಿಗೆ ಉತ್ತರ ಕೊಡಬೇಕೆಂದು ನನಗೆ ಅನಿಸುವುದಿಲ್ಲ. ಬೆಳಗ್ಗೆ ಆರಕ್ಕೆ ನಿಮ್ಮ ಗೇಟಿನಲ್ಲಿ ಸಹಿ ಹಾಕಿ ಒಳಗೆ ಬರುವವರನ್ನು ಒಂದು ದಿನ ನಿಂತು ನೋಡಿ.

ಸಂಬಳದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಹೌಸ್‌ಕೀಪಿಂಗ್ ಗುತ್ತಿಗೆದಾರರು ಕನಿಷ್ಠ ವೇತನ ಕೊಟ್ಟು ಇಎಸ್ಐ, ಪಿಎಫ್ ಸರಿಯಾಗಿ ಕಟ್ಟುತ್ತಿದ್ದಾರೆಯೇ, ತಿಂಗಳ ಸಂಬಳ ಏಳನೆಯ ತಾರೀಖಿನೊಳಗೆ ಕೈಸೇರುತ್ತದೆಯೇ ಎಂದು ಸಂಘ ವಿಚಾರಿಸಬೇಕು. ಇಪ್ಪತ್ತಕ್ಕೆ ಸಂಬಳ ಕೊಡುವ ಕಟ್ಟಡದ ನೆಲಮಾಳಿಗೆಯಲ್ಲಿ ದಿನಸಿ ಬ್ಯಾಂಕು ಇಟ್ಟರೆ ಅದು ಸರಿಯಾಗುವುದಿಲ್ಲ. ಕಾಯಿಲೆ ಬಿದ್ದ ಮನೆಗೆಲಸದಾಕೆಯ ನಾಲ್ಕು ದಿನದ ಸಂಬಳ ಹಿಡಿದು ಅದೇ ವಾರ ಅವಳ ಚೀಲಕ್ಕೆ ಬೇಳೆ ಹಾಕುವುದೂ ಸರಿಯಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಹತ್ತಡಿ ಹತ್ತಡಿ ಕೋಣೆ, ನೆಲಕ್ಕೆ ತಾಗದ ಕಬ್ಬಿಣದ ರ‍್ಯಾಕು, ಇಲಿ ಹೋಗದಂತೆ ಮುಚ್ಚಳ ಇರುವ ಡ್ರಮ್ಮುಗಳು, ಒಂದು ತೂಕದ ಯಂತ್ರ, ಬಂದದ್ದು ಹೋದದ್ದು ಬರೆಯಲು ಒಂದು ಪುಸ್ತಕ. ಹೊರಗಿನವರು ಮುಖ್ಯ ಗೇಟು ದಾಟದೆ ಬರಲು ಸಾಧ್ಯವಿರುವ ಜಾಗವಾದರೆ ಒಳ್ಳೆಯದು. ಸೆಕ್ಯೂರಿಟಿಯವರ ಮುಂದೆ ಹೆಸರು, ಫೋನ್ ನಂಬರ್ ಬರೆದು ಬರಬೇಕಾದರೆ ಅರ್ಧ ಜನ ಹಿಂದಿರುಗುತ್ತಾರೆ. ನಿವೃತ್ತರಾದವರು ನಿಮ್ಮಲ್ಲಿ ಬೇಕಾದಷ್ಟಿದ್ದಾರೆ. ಬ್ಯಾಂಕಿನಲ್ಲಿ, ಎಲ್ಐಸಿಯಲ್ಲಿ ಲೆಕ್ಕ ನೋಡಿದ ಕೈಗಳು. ಅವರಲ್ಲಿ ನಾಲ್ಕು ಜನ ಸರದಿಯ ಮೇಲೆ ವಾರಕ್ಕೆ ಎರಡು ಗಂಟೆ ಕೊಟ್ಟರೆ ಕೋಣೆ ನಡೆಯುತ್ತದೆ.

ನಿಮ್ಮ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ. ಪಾರ್ಕಿಂಗಿಗೆ, ನೀರಿನ ಟ್ಯಾಂಕರಿಗೆ ಕೊಡುವಷ್ಟು ಹೊತ್ತನ್ನು ಇದಕ್ಕೂ ಕೊಟ್ಟು ಚರ್ಚಿಸಿ. ವಿರೋಧವಿದ್ದರೆ ಬಿಚ್ಚಿ ಹೇಳಿ, ನಾವು ಬಂದು ಉತ್ತರ ಕೊಡುತ್ತೇವೆ. ಒಪ್ಪಿಗೆಯಾದರೆ ಆ ಕೋಣೆಯ ಬೀಗದ ಕೈಯನ್ನು ನಿಮ್ಮ ಹತ್ತಿರದ ಅಂಗನವಾಡಿ ಟೀಚರನ್ನು ಕರೆದು, ಅವರ ಎದುರಿಗೇ ಆ ನಾಲ್ಕು ಜನ ಹಿರಿಯರ ಕೈಗೆ ಕೊಡಿ. ಏಪ್ರಿಲ್ ರಜೆಗೆ ಮುಂಚೆ ಕೊಟ್ಟರೆ ಒಳ್ಳೆಯದು.

ಇಂತಿ ನಿಮ್ಮ ನೆರೆಯವಳು